ಕರಿತಗ್ಗಿನ ಒಂಬತ್ತು ಡಿಗ್ರಿ

ನಮ್ಮ ಹವಾಮಾನ ಕೇಂದ್ರದಲ್ಲಿ ಇಬ್ಬರಿಗೆ ಯಾವಾಗಲೂ ಎಣ್ಣೆ-ಸೀಗೆಕಾಯಿ. ಒಬ್ಬರ ಹೆಸರು ಗೌಡರು, ಇನ್ನೊಂದರ ಹೆಸರು ಕೂಸು. ಇಬ್ಬರಿಗೂ ಕೈಕಾಲಿಲ್ಲ. ಇಬ್ಬರೂ ಕಂಪ್ಯೂಟರಿನೊಳಗಿನ ಲೆಕ್ಕಗಳು, ನಾಳೆಯ ಚಳಿ ಎಷ್ಟು, ಗಾಳಿ ಎಷ್ಟು ಎಂದು ಮುಂಚಿತವಾಗಿ ಹೇಳುವ ಮಾಡೆಲ್‌ಗಳು. ಸರಕಾರದ ಕಾಗದದಲ್ಲಿ ಅವಕ್ಕೆ ಮಾರುದ್ದದ ಹೆಸರುಗಳಿದ್ದವು. ನಾವು ವಿಜಯಪುರದ ಮಂದಿ, ಅಷ್ಟುದ್ದದ ಹೆಸರು ಹಿಡಿದು ಯಾರು ಕರೆಯುತ್ತ ಕೂಡಬೇಕು?

ಗೌಡರು ಹಳೆಯ ಮಾಡೆಲ್. ಆಕಾಶವನ್ನೆಲ್ಲ ಚೌಕ ಚೌಕವಾಗಿ ಕತ್ತರಿಸಿಕೊಂಡು, ಉತ್ತರದ ಚಳಿಗಾಳಿ ಎಲ್ಲಿಂದ ಹೊರಟು ಎಲ್ಲಿಗೆ ಬಂದು ಬೀಳುತ್ತದೆ ಎಂದು ಸೂತ್ರ ಹಚ್ಚಿ ಲೆಕ್ಕ ಹಾಕುವುದು ಅದರ ಪದ್ಧತಿ. ಒಂದೊಂದು ಚೌಕದಲ್ಲಿ ನಾಲ್ಕಾರು ಹಳ್ಳಿ ಹಿಡಿಸುತ್ತಿದ್ದವು, ಹೀಗಾಗಿ ಸಣ್ಣ ದಿನ್ನೆ, ಸಣ್ಣ ತಗ್ಗುಗಳ ಸುದ್ದಿ ಅದಕ್ಕೆ ಅಷ್ಟಕ್ಕಷ್ಟೆ. ಕೂಸು ಆಮೇಲೆ ಬಂದದ್ದು. ಹೊಲಹೊಲದಲ್ಲಿ ನಾವು ನೆಟ್ಟ ನೆಲಯಂತ್ರಗಳು ಕಳಿಸುವ ಅಂಕಿಗಳನ್ನು ಗಳಿಗೆಗಳಿಗೆಗೂ ನುಂಗಿ, ನಿನ್ನೆ ಇಲ್ಲಿ ಹೀಗಿತ್ತು, ಹಾಗಾದರೆ ಇಂದು ಹೀಗಿದ್ದೀತು ಎಂದು ತಾನೇ ಕಲಿಯುತ್ತಿತ್ತು. ಯಂತ್ರ ಹೇಳಿದ್ದನ್ನು ಕಣ್ಣುಮುಚ್ಚಿ ನಂಬುವುದು ಅದರ ಸ್ವಭಾವ. ಕೂಸು ಎಂದು ಹೆಸರು ಬಿದ್ದದ್ದೂ ಅದಕ್ಕೇ.

ನಾನು ಗುರುನಾಥ, ಆ ನೆಲಯಂತ್ರಗಳ ಮೆಕ್ಯಾನಿಕ್. ಇಬ್ಬರ ಜಗಳವನ್ನು ದಿನಾ ಕೂತು ಬಿಡಿಸುತ್ತಿದ್ದವಳು ಮಾಯಕ್ಕ. ಇಬ್ಬರ ಅಂಕಿಗಳನ್ನೂ ಪಕ್ಕಪಕ್ಕದಲ್ಲಿಟ್ಟು, ಯಾವ ಹಳ್ಳಿಗೆ ಯಾರ ಮಾತು ಹೋಗಬೇಕೆಂದು ನೋಡುವುದು ಅವಳ ಕೆಲಸ. ಯಾಕೆಂದರೆ ಜನರಿಗೆ ಒಂದೇ ಅಂಕಿ ಹೋಗಬೇಕು ಎಂದು ಮೇಲಿನವರ ಕಟ್ಟಪ್ಪಣೆ. ಎರಡು ಹೇಳಿದರೆ ಜನ ಎರಡನ್ನೂ ನಂಬುವುದಿಲ್ಲವಂತೆ. ಇಬ್ಬರೂ ಬೇರೆ ಬೇರೆ ಹೇಳಿದಾಗ, ಆ ಜಾಗದ ನೆಲಯಂತ್ರಕ್ಕೆ ಕಳೆದ ರಾತ್ರಿಗಳಲ್ಲಿ ಯಾರ ಮಾತು ಹತ್ತಿರವಿತ್ತೋ ಅವರು ಗೆದ್ದಂತೆ. ಸೋತವರು ಬಾಯಿ ಮುಚ್ಚಿಕೊಂಡಿರಬೇಕು. ನನಗೆ ಈ ನಿಯಮ ಮೊದಲಿನಿಂದಲೂ ಸೇರುತ್ತಿರಲಿಲ್ಲ, ಆದರೆ ಮೆಕ್ಯಾನಿಕ್‌ನ ಮಾತಿಗೆ ಕಾಸಿನ ಬೆಲೆ ಇಲ್ಲ.

ಆ ಅಂಕಿ ಜನರಿಗೆ ತಲುಪುವ ರೀತಿಯೂ ಚೆನ್ನಾಗಿತ್ತು. ನಮ್ಮ ಡೋಣಿ ಹೊಳೆಯ ಸೀಮೆಯಲ್ಲಿ ಚಳಿಗಾಲವೆಲ್ಲ ಬಯಲಲ್ಲೇ ಮಲಗುವವರು ಕುರಿಗಾರರು. ಒಂದೊಂದು ಹಿಂಡಿನ ಮುಂದಾಳು ಟಗರಿನ ಕೊರಳಿಗೆ, ಗಂಟೆಯ ಪಕ್ಕದಲ್ಲಿ, ಸಣ್ಣದೊಂದು ಮಾತಿನ ಪೆಟ್ಟಿಗೆ ಕಟ್ಟಿದ್ದೆವು. ಹೊತ್ತು ಮುಳುಗುವಾಗ ಅದು ಆ ರಾತ್ರಿಯ ಚಳಿ ಹೇಳುತ್ತಿತ್ತು. ನಾಲ್ಕು ಡಿಗ್ರಿಗಿಂತ ಕೆಳಗಿಳಿಯುವ ಸೂಚನೆ ಇದ್ದರೆ, ಇಲ್ಲವೇ ನೆಲಯಂತ್ರವೇ ನಾಲ್ಕಕ್ಕಿಂತ ಕಡಿಮೆ ತೋರಿಸಿದರೆ, ಪೆಟ್ಟಿಗೆ ಬಿಡದೆ ಕೂಗುತ್ತಿತ್ತು, ದಿನ್ನೆಯ ಮೇಲಿನ ತಗಡಿನ ಶೆಡ್ಡಿನ ಬಾಗಿಲು ತಾನಾಗಿ ತೆರೆಯುತ್ತಿತ್ತು. ಕುರಿ ಹೊಡೆದುಕೊಂಡು ಅಲ್ಲಿಗೆ ಹೋದರಾಯಿತು, ಜೀವ ಬೆಚ್ಚಗೆ ಉಳಿಯುತ್ತದೆ. ಮೊದಲು ಆ ಪೆಟ್ಟಿಗೆಯಲ್ಲಿ ಬೆಂಗಳೂರಿನ ಯಾರದೋ ನಯವಾದ ದನಿ ಇತ್ತು. ಕುರಿಗಾರರು ಅದನ್ನು ಕೇಳಿ ಬಿದ್ದು ಬಿದ್ದು ನಕ್ಕರೇ ಹೊರತು ಒಬ್ಬರೂ ಶೆಡ್ಡಿಗೆ ಹೋಗಲಿಲ್ಲ. ಆಮೇಲೆ ಮಾಯಕ್ಕನ ದನಿ ಹಾಕಿದೆವು. ಅವಳು ಅವರ ಮಗಳೇ ತಾನೆ, ಕುರಿಹಟ್ಟಿಯಲ್ಲಿ ಹುಟ್ಟಿ, ಓದಿ, ಹವಾಮಾನದ ಆಫೀಸರಾದವಳು.

ಅವಳ ಅಪ್ಪ ಮಾಳಿಂಗರಾಯ ಇನ್ನೂ ಕುರಿಯ ಬೆನ್ನು ಬಿಟ್ಟಿರಲಿಲ್ಲ. ಮಗಳ ಕ್ವಾರ್ಟರ್ಸಿಗೆ ಬಂದು ಇರು ಎಂದರೆ, ನಾಲ್ಕು ಗೋಡೆ ನಡುವೆ ಉಸಿರು ಕಟ್ಟುತ್ತದೆ ಎನ್ನುತ್ತಿದ್ದ. ಪೆಟ್ಟಿಗೆಯಲ್ಲಿ ಮಗಳ ದನಿ ಬಂದ ಮೇಲೆ ಮುದುಕ ಪ್ರತಿ ಸಂಜೆ ಟಗರಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಅದು ಹೇಳಿದ್ದಕ್ಕೆಲ್ಲ "ಆತವ್ವ, ಹಂಗ ಮಾಡ್ತೀನಿ" ಎಂದು ಉತ್ತರ ಕೊಡುತ್ತಿದ್ದನಂತೆ. ಜೊತೆಗಾರ ಅಮಸಿದ್ದ ಇದನ್ನು ಹೇಳಿ ನಗುತ್ತಿದ್ದ, ನಾವೂ ನಗುತ್ತಿದ್ದೆವು.

ಕರಿತಗ್ಗಿನಲ್ಲಿ ಯಂತ್ರ ನೆಟ್ಟ ದಿನ ನಾನೂ ಮಾಯಕ್ಕನೂ ಅಲ್ಲಿದ್ದೆವು. ಊರಿನಿಂದ ಜೀಪಿನಲ್ಲಿ ಅರ್ಧ ಗಂಟೆಯ ದಾರಿ. ಸುತ್ತ ದಿನ್ನೆ, ನಡುವೆ ತೊಗರಿ ಕೊಯ್ದ ಎರೆಹೊಲ, ಒಂದು ಬದಿಗೆ ಹೊಸದಾಗಿ ತೋಡಿದ ಕೆರೆ. ಚಳಿ ನೀರಿನ ಹಾಗೆ ತಗ್ಗಿಗೆ ಹರಿದು ಬಂದು ನಿಲ್ಲುತ್ತದೆ, ಗೌಡರಿಗೆ ಇಂಥ ಜಾಗ ಕಾಣುವುದಿಲ್ಲ, ಇಲ್ಲೊಂದು ಯಂತ್ರ ಇರಲೇಬೇಕು ಎಂದು ಮಾಯಕ್ಕ ಮೇಲಿನವರ ಹತ್ತಿರ ಹಟ ಹಿಡಿದು ಮಂಜೂರು ಮಾಡಿಸಿದ್ದಳು. ಅವಳ ಅಪ್ಪ ರಾತ್ರಿ ಕುರಿ ತರುಬಿ ನಿಲ್ಲಿಸುವ ಹೊಲಗಳೂ ಅಲ್ಲೇ ಇದ್ದವು. ಅದನ್ನು ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಯಂತ್ರ ಎಂದರೆ ಏನು, ಆಳೆತ್ತರದ ಒಂದು ಕಂಬ. ಅದಕ್ಕೆ ಬಿಳಿ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿದಂಥ ಗೂಡು, ಚಳಿ ಅಳೆಯುವ ಸೂಜಿ ಅದರೊಳಗೆ. ಗೂಡಿನ ಕೆಳಗೇ ಬ್ಯಾಟರಿ ಪೆಟ್ಟಿಗೆ, ಅದರ ಮುಖದ ಮೇಲೆ ಅಂಕಿ ತೋರಿಸುವ ಸಣ್ಣ ಗಾಜು. ಬ್ಯಾಟರಿ ಸದಾ ಒಂದಿಷ್ಟು ಬೆಚ್ಚಗಿರುತ್ತದೆ, ಆದರೆ ತಟ್ಟೆಗಳ ನಡುವೆ ಗಾಳಿಯಾಡುವುದರಿಂದ ಆ ಬಿಸಿ ಸೂಜಿಗೆ ತಾಗುವುದಿಲ್ಲ. ಕಂಬದ ತುದಿಯಲ್ಲಿ ಗಾಳಿ ಅಳೆಯುವ ಬಟ್ಟಲುಗಳು ತಿರುಗುತ್ತವೆ, ಗಾಳಿ ಜೋರಾದರೆ ಕಂಬ ಸಣ್ಣಗೆ ಅದುರಿ ಕುಂಯ್ ಎನ್ನುತ್ತದೆ.

ಮಾಳಿಂಗರಾಯ ಬಂದು ಕಂಬದ ಸುತ್ತ ಒಂದು ಸುತ್ತು ಹಾಕಿದ. ಅವನ ಮೈಮೇಲೆ ಬರಿ ಅಂಗಿ ಇತ್ತು. ಕಂಬಳಿಯಲ್ಲಿ ಆಗಷ್ಟೇ ಹುಟ್ಟಿದ ಮರಿಯೊಂದನ್ನು ಸುತ್ತಿ ಎದೆಗೆ ಅವಚಿಕೊಂಡಿದ್ದ.

"ಕಾಕಾ, ಥಂಡಿ ಗಾಳಿ ಐತಿ. ಕಂಬಳಿ ನೀವು ಹೊಚ್ಗೋರಿ" ಎಂದೆ.

"ನಡಗೂ ಜೀವಕ್ಕ ಮೊದಲು ಹೊಚ್ಚಬೇಕ್ರಿ. ಮನಷ್ಯಾಂದು ಆಮ್ಯಾಲ. ನಮ್ಮ ಹಟ್ಟ್ಯಾಗ ಹಂಗ ಪದ್ಧತಿ." ಆಮೇಲೆ ಮಗಳ ಕಡೆ ತಿರುಗಿ, "ಇದು ನಿಂದೇನವ್ವ?" ಎಂದ.

"ಹೂಂ, ನಂದ ಅಂತ ತಿಳಕೊ."

"ರಾತ್ರಿ ಹಗಲಾ ಹಿಂಗ ಬಯಲಾಗ ನಿಂದರತೈತಿ? ಥಂಡಿ ಹತ್ತೂದಿಲ್ಲೇನು ಇದಕ್ಕ?"

"ಥಂಡಿ ತಿನ್ನೂದ ಅದರ ಕೆಲಸ ಯಪ್ಪಾ."

"ಪಾಪ" ಎಂದ ಮುದುಕ. ಅಷ್ಟರಲ್ಲಿ ಗಾಳಿ ಬೀಸಿ ಕಂಬ ಕುಂಯ್ ಎಂದಿತು. "ನೋಡು, ಅಳಾಕತ್ತೈತಿ" ಎಂದು ಕೈಚಾಚಿ ಅದನ್ನು ಸವರಿದ. ನಾವಿಬ್ಬರೂ ಮನಸಾರೆ ನಕ್ಕೆವು. ಅದು ಗಾಳಿಯ ಸದ್ದು, ಎಲ್ಲ ಕಂಬಗಳೂ ಹಾಗೆಯೇ ಎಂದು ನಾನು ಬಿಡಿಸಿ ಹೇಳಿದೆ. ಮುದುಕ ಹೂಂಗುಟ್ಟಿದ.

ಅದಾದ ಮುಂದಿನ ವರ್ಷ ಎಳ್ಳಮಾವಾಸ್ಯೆ ಮುಗಿದದ್ದೇ ತಡ, ಹಿಂದೆಂದೂ ಕಾಣದಂಥ ಚಳಿ ಬಂತು. ಬಾವಿಯ ನೀರಿಗೆ ಕೈ ಹಾಕಿದರೆ ಬೆರಳು ಸೆಟೆಯುತ್ತಿದ್ದವು. ಚಹಾದಂಗಡಿಯ ಮುಂದೆ ಮಧ್ಯಾಹ್ನವೂ ಜನ ಬೆಂಕಿ ಕಾಯಿಸಿಕೊಳ್ಳುತ್ತಿದ್ದರು. ಗೌಡರೂ ಕೂಸೂ ಅಪರೂಪಕ್ಕೆ ಒಂದೇ ದನಿಯಲ್ಲಿ, ಇನ್ನೂ ಇದೆ, ಇನ್ನೂ ಇದೆ ಎನ್ನುತ್ತಿದ್ದರು. ದಿನಾ ಸಂಜೆ ಊರೂರಿನ ಪೆಟ್ಟಿಗೆಗಳು ಕೂಗುತ್ತಿದ್ದವು, ಕುರಿಗಾರರು ಬೈಯುತ್ತ ಶೆಡ್ಡು ಹತ್ತುತ್ತಿದ್ದರು. ಒಂದು ಕರಿತಗ್ಗಿನಲ್ಲಿ ಮಾತ್ರ ಇಬ್ಬರಿಗೂ ತಾಳಮೇಳ ಇರಲಿಲ್ಲ.

ಅಂಥದೊಂದು ದಿನ ಮಧ್ಯಾಹ್ನ ಮಾಯಕ್ಕ ನನ್ನನ್ನು ಕಂಟ್ರೋಲ್ ರೂಮಿಗೆ ಕರೆದಳು. ಗೋಡೆಯ ಪರದೆಯ ಮೇಲೆ ಡೋಣಿ ಸೀಮೆಯ ನಕ್ಷೆ ಎರಡು ಸಲ ಬಿದ್ದಿತ್ತು. ಎಡಕ್ಕೆ ಗೌಡರದು, ಬಲಕ್ಕೆ ಕೂಸಿನದು. ಎರಡರಲ್ಲೂ ನೀಲಿಯೋ ನೀಲಿ. ಕೂಸಿನ ನಕ್ಷೆಯ ನಡುವೆ ಮಾತ್ರ ಒಂದು ಹಸಿರು ಚುಕ್ಕೆ.

"ಗೌಡ್ರು ಕರಿತಗ್ಗಿಗೆ ಎರಡು ಅಂತಾರ. ಕೂಸು ಒಂಬತ್ತು ಅಂತೈತಿ" ಎಂದಳು. "ಏಳು ಡಿಗ್ರಿ ಫರಕು. ತಗ್ಗು ಅಂದಮ್ಯಾಲ ಥಂಡಿ ಜಾಸ್ತಿ ಇರಬೇಕು, ಕಡಿಮಿ ಹೆಂಗಾದೀತು?"

"ಯಂತ್ರ ಏನ ಹೇಳತೈತಿ?"

"ಥಂಡಿ ಬಿದ್ದಾಗಿಂದ ರಾತ್ರಿ ಒಮ್ಮೆನೂ ಒಂಬತ್ತರ ಕೆಳಗ ಇಳಿದಿಲ್ಲ. ಗುರುನಾಥಣ್ಣ, ಯಂತ್ರ ಕೆಟ್ಟಿಲ್ಲಲ್ಲ?"

ನನಗೆ ಸ್ವಲ್ಪ ಸಿಟ್ಟು ಬಂತು. ಹಬ್ಬದ ಮುಂಚೆ ಅಲ್ಲಿಗೆ ಹೋಗಿ ಸೂಜಿಯನ್ನು ಮಂಜುಗಡ್ಡೆಯ ನೀರಿನಲ್ಲಿಟ್ಟು ಪರೀಕ್ಷೆ ಮಾಡಿ ಬಂದಿದ್ದೆ. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. "ಹಗಲಿನ ಅಂಕಿ ನೋಡು, ಸುತ್ತಮುತ್ತಲಿನ ಯಂತ್ರಗಳ ಜೊತಿ ಸರಿಯಾಗಿ ಕೂಡತಾವು. ಕೆಟ್ಟಿದ್ರ ಹಗಲೂ ಕೆಡಬೇಕಿತ್ತಲ್ಲ" ಎಂದೆ. ಅದು ನಿಜವೇ ಆಗಿತ್ತು. ಯಂತ್ರ ಕೆಟ್ಟಿರಲಿಲ್ಲ.

"ಹಂಗಾರ ಕೆರಿ ಕಾರಣ ಇರಬೇಕು" ಎಂದಳು ಯೋಚಿಸುತ್ತ. "ಹೊಸಾ ನೀರು, ರಾತ್ರಿ ಮಂಜು ಏಳತೈತಿ, ಮಂಜು ಮುಚ್ಚಿಕೊಂಡ್ರ ನೆಲದ ಕಾವು ಹೊರಗ ಹೋಗೂದಿಲ್ಲ. ಕೂಸು ಅದನ್ನ ಕಲತಿರಬೇಕು."

ಕಾರಣ ಸರಿಯಾಗಿಯೇ ಕಂಡಿತು. ನಿಯಮದ ಪ್ರಕಾರವೂ ಕೂಸಿನದೇ ಗೆಲುವು. ಗೌಡರ ಮಾತು ಕೇಳಿ ಎಚ್ಚರಿಕೆ ಕಳಿಸುವ ಅಧಿಕಾರ ಅವಳಿಗೆ ಇತ್ತು, ಆದರೆ ಸುಮ್ಮಸುಮ್ಮನೆ ಕಳಿಸಿದರೆ ಮೇಲಿನವರಿಗೆ ಉತ್ತರ ಕೊಡಬೇಕು. ಹಿಂದೊಮ್ಮೆ ಹುಸಿ ಎಚ್ಚರಿಕೆಗೆ ಬೇಸತ್ತ ಕುರಿಗಾರರು ಪೆಟ್ಟಿಗೆಗಳನ್ನೇ ಬಿಚ್ಚಿ ಬಾವಿಗೆ ಎಸೆದಿದ್ದರು. ಇಷ್ಟಾದರೂ ಅವಳ ಮನಸ್ಸು ಒಪ್ಪಲಿಲ್ಲ. ನನ್ನ ಮುಂದೆಯೇ ಅಪ್ಪನಿಗೆ ಫೋನು ಹಚ್ಚಿದಳು.

"ಯಪ್ಪಾ, ಅಲ್ಲಿ ಥಂಡಿ ಹೆಂಗೈತಿ?"

"ಎಲ್ಲಿ ಥಂಡಿ? ನಾ ಆರಾಮ ಅದೀನವ್ವ" ಎಂದ ಮುದುಕ. ಕೆಮ್ಮಿದ್ದು ನನಗೂ ಕೇಳಿಸಿತು.

"ಕೆಮ್ಮಾಕತ್ತೀಯಲ್ಲ?"

"ಬೀಡಿ ಕೆಮ್ಮದು. ಅಮಸಿದ್ದ ಸಂತಿಗೆ ಹೋಗ್ಯಾನ, ನಾಳೆ ಬರ್ತಾನ. ನಿನ್ನ ಯಂತ್ರದ ಚಿಂತೀನೂ ಬಿಡು, ನಾ ನೋಡ್ಕೋತೀನಿ."

ಚಳಿ ಇದೆ ಎಂದರೆ ಮಗಳು ಬಂದು ಎಳೆದುಕೊಂಡು ಹೋಗಿ ಕ್ವಾರ್ಟರ್ಸಿನಲ್ಲಿ ಕೂಡಿಸುತ್ತಾಳೆಂಬ ಹೆದರಿಕೆ ಅವನಿಗೆ. ಅವಳು ಫೋನಿಟ್ಟು ನಿಟ್ಟುಸಿರು ಬಿಟ್ಟಳು. ಮುಖ ಹಗುರಾಗಿತ್ತು. ಇಡೀ ಸೀಮೆಯಲ್ಲಿ ಬೆಚ್ಚಗಿರುವ ಒಂದೇ ಒಂದು ಜಾಗ, ಅಲ್ಲೇ ತನ್ನ ಅಪ್ಪ ಇದ್ದಾನೆ. ಯಾವ ಮಗಳು ಅದನ್ನು ನಂಬಲು ಒಲ್ಲೆ ಎನ್ನುತ್ತಾಳೆ? ಅವಳು ಕೂಸಿನ ಅಂಕಿಗೇ ಒಪ್ಪಿಗೆ ಕೊಟ್ಟಳು.

ಸಂಜೆ ನಾನು ಅವಳ ಮನೆಗೆ ಹೋಗಿದ್ದೆ. ಅವಳ ಅವ್ವ ಲಗಮವ್ವ ಮೊಣಕಾಲು ನೋವಿನಿಂದ ಹಟ್ಟಿ ಬಿಟ್ಟು ಮಗಳ ಹತ್ತಿರ ಇದ್ದಳು. ಉಣ್ಣೆ ನೂಲುವುದನ್ನು ಮಾತ್ರ ಬಿಟ್ಟಿರಲಿಲ್ಲ. ಟಿವಿಯ ಮುಂದೆ ಕಾಲು ಚಾಚಿ ಕೂತು ಕದಿರು ತಿರುಗಿಸುತ್ತಿದ್ದಳು.

"ಬಾ ತಮ್ಮಾ, ಚಾ ಕುಡಿ" ಎಂದಳು. "ಮುದುಕಗ ಒಂದು ಕಂಬಳಿ ನೇಯಿಸಬೇಕಾಗೇತಿ, ಅದಕ್ಕ ನೂಲು ತಗ್ಯಾಕತ್ತೀನಿ."

"ಯಾಕ್ರಿ ಅವ್ವಾರ, ಎರಡು ಅದಾವಲ್ಲ?"

"ಹಳೇದು ಮರಿಗಳ ಪಾಲು. ಬಿಳಿ ಅಂಚಿಂದು ಚಲೋ ಕಂಬಳಿ ಐತಿ, ನಾನ ನೂತದ್ದು. ಅದನ್ನ ಹೊಚ್ಗೊಂಡಿಯೇನು ಅಂತ ನಿನ್ನೆ ಫೋನ್ಯಾಗ ಕೇಳಿದ್ರ ಅಡ್ಡಾದಿಡ್ಡಿ ಮಾತಾಡಿದ. ಯಾರಿಗೋ ಕೊಟ್ಟಾನ, ಖಾತ್ರಿ. ಕೈ ಬಿಚ್ಚಿದ ಮನಷ್ಯಾ ಅಂವ."

ಮಾಯಕ್ಕ ನಕ್ಕು, "ಇವತ್ತ ಒಂಬತ್ತು ಡಿಗ್ರಿ ಐತಿ ಬಿಡವ್ವ ಅಲ್ಲಿ. ನಮಗಿಂತ ಅಂವನ ಬೆಚ್ಚಗ ಇರ್ತಾನ" ಎಂದಳು. ಅಷ್ಟರಲ್ಲಿ ಗೋಡೆಗೆ ಹಾಕಿದ್ದ ಅಂಥದೇ ಒಂದು ಮಾತಿನ ಪೆಟ್ಟಿಗೆ ಅವಳದೇ ದನಿಯಲ್ಲಿ ಊರೂರಿನ ಚಳಿ ಹೇಳತೊಡಗಿತು. ಕರಿತಗ್ಗಿನ ಸರದಿ ಬಂದಾಗ, "ಇವತ್ತ ರಾತ್ರಿ ಒಂಬತ್ತು. ಹೆದರೂದು ಏನಿಲ್ಲ" ಎಂದಿತು. ಲಗಮವ್ವ ಕದಿರು ನಿಲ್ಲಿಸಿ, ಮಾಳಿಂಗರಾಯ ಟಗರಿನ ಮುಂದೆ ಕೂತು ಹೇಳುವ ಹಾಗೆಯೇ ಅಣಕಿಸಿ, "ಆತವ್ವ" ಎಂದಳು. ಮೂವರೂ ನಕ್ಕೆವು.

ಬೆಳಗಾಗುವಾಗ ನಾನು ಕೇಂದ್ರಕ್ಕೆ ಹೋದೆ. ಮಾಯಕ್ಕ ಆಗಲೇ ಬಂದಿದ್ದಳು. ಪರದೆಯ ಮೇಲೆ ಕಳೆದ ರಾತ್ರಿಯ ನಿಜವಾದ ಅಂಕಿಗಳಿದ್ದವು. ಕರಿತಗ್ಗಿನ ಸುತ್ತಲಿನ ಯಂತ್ರಗಳೆಲ್ಲ ಒಂದು, ಎರಡು ಎನ್ನುತ್ತಿದ್ದವು. ನಡುವೆ ಹಸಿರು ಚುಕ್ಕೆ, ಒಂಬತ್ತು. ಕೂಸಿನ ಹೆಸರಿನ ಮುಂದೆ ಸರಿ ಎಂಬ ಗುರುತು ಬಿದ್ದಿತ್ತು. ಜಿಲ್ಲೆಯಲ್ಲೇ ಅತಿ ನಿಖರವಾದ ಮುನ್ಸೂಚನೆ ಎಂದು ಅದರ ಕೆಳಗೆ ಬರೆದಿತ್ತು.

"ರಾತ್ರಿಯೆಲ್ಲಾ ಗಾಳಿ ಇತ್ತು ಅಣ್ಣಾ" ಎಂದಳು. "ಅದ ಯಂತ್ರದ ಬಟ್ಟಲ ಹೇಳಾಕತ್ತಾವು, ನೋಡ್ರಿ. ಇಷ್ಟು ಗಾಳಿ ಇದ್ದಲ್ಲಿ ಮಂಜು ಹೆಂಗ ನಿಂದರತೈತಿ? ಮಂಜು ಇಲ್ಲಂದ್ರ ಒಂಬತ್ತು ಎಲ್ಲಿಂದ ಬಂತು? ಅಪ್ಪ ಫೋನ್ ಎತ್ತವಲ್ಲ."

ನಾನು ಜೀಪು ತೆಗೆದೆ. ದಾರಿಯುದ್ದಕ್ಕೂ ಜೋಳದ ಹೊಲಗಳ ಮೇಲೆ ಇಬ್ಬನಿ ಬೆಳ್ಳಗೆ ಗಟ್ಟಿಯಾಗಿತ್ತು. ದಿನ್ನೆ ಇಳಿಯುವಾಗ ಶೆಡ್ಡಿನ ಬಾಗಿಲು ಮುಚ್ಚಿಯೇ ಇದ್ದದ್ದು ಕಂಡಿತು. ಅವಳು ಅದನ್ನೇ ನೋಡುತ್ತಿದ್ದಳು.

ಕುರಿಗಳು ಒಂದಕ್ಕೊಂದು ಒತ್ತಿಕೊಂಡು ಗುಂಪಾಗಿ ನಿಂತಿದ್ದವು. ಪಕ್ಕದಲ್ಲಿ ಬುಟ್ಟಿ, ಅದರ ಮೇಲೆ ಹಳೆಯ ಕಂಬಳಿ, ಒಳಗೆ ಮರಿಗಳು ಬೆಚ್ಚಗೆ ಮಿಸುಕಾಡುತ್ತಿದ್ದವು. ತೊಗರಿಕಟ್ಟಿಗೆಯ ಬೆಂಕಿ ಯಾವಾಗಲೋ ಆರಿ ಬೂದಿಯಾಗಿತ್ತು, ರಾತ್ರಿ ಎದ್ದು ಕಟ್ಟಿಗೆ ಒಟ್ಟಲು ಅಮಸಿದ್ದನೂ ಇರಲಿಲ್ಲ. ಅದರಾಚೆ ಕಂಬ ನಿಂತಿತ್ತು. ಬಿಳಿ ತಟ್ಟೆಗಳ ಗೂಡಾಗಲಿ ಬ್ಯಾಟರಿ ಪೆಟ್ಟಿಗೆಯಾಗಲಿ ಕಾಣುತ್ತಿರಲಿಲ್ಲ. ಬಿಳಿ ಅಂಚಿನ ಕರಿ ಕಂಬಳಿಯೊಂದನ್ನು ಅವೆರಡರ ಸುತ್ತ ಬಿಗಿಯಾಗಿ ಸುತ್ತಿ, ಗಾಳಿ ಹೋಗದಂತೆ ಹಗ್ಗ ಬಿಗಿದು, ಕೂಸಿಗೆ ಕುಂಚಿಗೆ ಕಟ್ಟುವ ಹಾಗೆ ಮೇಲೆ ಗಂಟು ಹಾಕಿತ್ತು. ಅಂಕಿಯ ಗಾಜಿನ ಮೇಲೆ ಮಾತ್ರ ಕಂಬಳಿ ಸರಿಸಿ ಒಂದು ಸಣ್ಣ ಕಿಂಡಿ ಬಿಟ್ಟಿತ್ತು.

ಅದರ ಬುಡದಲ್ಲಿ ಮಾಳಿಂಗರಾಯ ಮೊಣಕಾಲುಗಳನ್ನು ಎದೆಗೆ ಒತ್ತಿಕೊಂಡು ಒಂದು ಮಗ್ಗುಲಾಗಿ ಮಲಗಿದ್ದ. ಮೈಮೇಲೆ ಅಂಗಿ, ತಲೆಗೆ ಪಟಗ, ಅಷ್ಟೆ. ಮೀಸೆಯ ಮೇಲೆ ಇಬ್ಬನಿ ಕೂತಿತ್ತು. ನಾನು ಕೈ ಹಿಡಿದು ನೋಡಿದೆ. ಹಿಡಿದು ನೋಡುವ ಅಗತ್ಯವೂ ಇರಲಿಲ್ಲ.

ಮಾಯಕ್ಕ ಅಳಲಿಲ್ಲ. ಅವಳು ಕಂಬದ ಮುಂದೆ ನಿಂತು ಕಂಬಳಿಯ ಒಳಗೆ ಕೈ ಹಾಕಿದಳು. ಬಹಳ ಹೊತ್ತು ಹಾಗೆಯೇ ಕೈ ಇಟ್ಟುಕೊಂಡು ನಿಂತಳು.

"ಬೆಚ್ಚಗೈತಿ ಅಣ್ಣಾ" ಎಂದಳು. "ಯಂತ್ರ ಸುಳ್ಳು ಹೇಳಿಲ್ಲ."

ಆಗ ನನಗೆ ಎಲ್ಲ ಅರ್ಥವಾಯಿತು, ಅರ್ಥವಾಗದಿದ್ದರೇ ಒಳ್ಳೆಯದಿತ್ತು. ಚಳಿ ಬಿದ್ದಾಗಿನಿಂದ ಮುದುಕ ಪ್ರತಿ ಸಂಜೆ ತನ್ನ ಚಲೋ ಕಂಬಳಿಯನ್ನು ಮಗಳ ಯಂತ್ರಕ್ಕೆ ಹೊಚ್ಚಿ, ಬೆಳಿಗ್ಗೆ ಬಿಚ್ಚುತ್ತಿದ್ದ. ಗಾಳಿಗೆ ಅದು ನಡುಗುತ್ತಿತ್ತು, ನಡುಗುವ ಜೀವಕ್ಕೆ ಮೊದಲು ಹೊಚ್ಚಬೇಕು. ಬ್ಯಾಟರಿಯ ಕಾವು ಒಳಗೇ ನಿಂತು ಯಂತ್ರ ಒಂಬತ್ತು ಎಂದಿತು. ಕೂಸು ಅದನ್ನು ನಂಬಿತು. ಕೂಸನ್ನು ಮಗಳು ನಂಬಿದಳು. ಪೆಟ್ಟಿಗೆ ಮಗಳ ದನಿಯಲ್ಲಿ ಹೆದರೂದು ಏನಿಲ್ಲ ಎಂದಿತು, ಅದನ್ನು ಅಪ್ಪ ನಂಬಿದ. ಮೈಗೆ ಎಷ್ಟೇ ಚಳಿ ಹತ್ತಿದರೂ ಮಗಳ ಮಾತಿಗಿಂತ ತನ್ನ ಮೈ ಹೆಚ್ಚು ಎಂದು ಅವನಿಗೆ ಅನ್ನಿಸಿರಲಿಕ್ಕಿಲ್ಲ.

ನಾನು ಹಗ್ಗ ಬಿಚ್ಚಲು ಹೋದೆ. "ಬಿಡ್ರಿ, ನಾ ಬಿಚ್ತೀನಿ" ಎಂದಳು. ಅಪ್ಪ ಹಾಕಿದ ಗಂಟುಗಳನ್ನು ಒಂದೊಂದಾಗಿ ಬಿಚ್ಚಿದಳು. ಕಂಬಳಿಯನ್ನು ತಂದು, ಅದರ ಬಿಸಿ ಆರುವ ಮೊದಲೇ, ಅವನ ಕಾಲಿನಿಂದ ಕುತ್ತಿಗೆಯವರೆಗೆ ಹೊಚ್ಚಿ, ಎರಡೂ ಬದಿ ಮೈಗೆ ಒತ್ತಿ ಸಿಕ್ಕಿಸಿದಳು. ಪಕ್ಕದಲ್ಲಿ ಕೂತು ಅವನ ಕೈಯನ್ನು ತನ್ನೆರಡೂ ಕೈಗಳ ನಡುವೆ ಇಟ್ಟುಕೊಂಡು ತಿಕ್ಕತೊಡಗಿದಳು. ನಾನು ಬೇರೆ ಕಡೆ ತಿರುಗಿ ನಿಂತೆ.

ತಿರುಗಿದಾಗ ಕಂಡದ್ದು ಅಂಕಿಯ ಗಾಜು. ಬರಿಮೈಯಾದ ಯಂತ್ರ ಗಾಳಿಗೆ ಅದುರುತ್ತಿತ್ತು. ಒಂಬತ್ತು ಇದ್ದದ್ದು ಎಂಟಾಯಿತು, ಏಳಾಯಿತು, ಐದಾಯಿತು. ನಾನು ನೋಡುತ್ತಿದ್ದಂತೆಯೇ ನಾಲ್ಕು ದಾಟಿ ಮೂರಕ್ಕೆ ಬಂತು.

ದಿನ್ನೆಯ ಮೇಲೆ ಶೆಡ್ಡಿನ ತಗಡಿನ ಬಾಗಿಲು ಕಿರ್ರೆಂದು ತೆರೆಯಿತು. ಕುರಿಗಳ ನಡುವಿನಿಂದ ಮುಂದಾಳು ಟಗರು ತಲೆ ಎತ್ತಿತು. ಅದರ ಕೊರಳಲ್ಲಿ ಮಾಯಕ್ಕನ ದನಿ ಕೂಗತೊಡಗಿತು:

"ಥಂಡಿ ಭಾಳ ಐತಿ. ಕಂಬಳಿ ಹೊಚ್ಗೋರಿ. ಎದ್ದು ಮ್ಯಾಲ ಶೆಡ್ಡಿಗೆ ನಡೀರಿ. ಥಂಡಿ ಭಾಳ ಐತಿ, ಎದ್ದೇಳ್ರಿ."

ಅದು ಹೇಳುತ್ತಲೇ ಇತ್ತು. ಆತವ್ವ ಎನ್ನುವವನು ಕಂಬಳಿ ಹೊದ್ದು ಮಲಗಿದ್ದ.